ಬೆಳ್ಳಿಯ ದಾರಿಯಲ್ಲಿ ಗೌರಿ ಕೂತಿದ್ದಾಳೆ

ಪ್ರಶ್ನೆ: ಡಾಕ್ಟರ್ ಮೇಡಂ, ನಮ್ಮ ಮನೆಯಲ್ಲಿ ಮೂರು ಬೆಕ್ಕುಗಳಿವೆ. ಗೌರಿಗೆ ಆರು ವರ್ಷ, ಗುಂಡನಿಗೆ ನಾಲ್ಕು, ಕೊನೆಗೆ ಬಂದ ಬೆಳ್ಳಿಗೆ ಎರಡು. ಮೂವರಿಗೂ ಮಕ್ಕಳಾಗದ ಆಪರೇಷನ್ ಆಗಿದೆ. ಬೆಳ್ಳಿ ಮೊದಲಿನಿಂದಲೂ ಅಂಜುಬುರುಕಿ. ಕಾಲಿಂಗ್ ಬೆಲ್ ಆದರೆ ಸಾಕು, ಮಂಚದ ಕೆಳಗೆ ಸೇರಿಕೊಳ್ಳುತ್ತಾಳೆ. ಈಗ ಕೆಲವು ತಿಂಗಳಿಂದ, ಬೆಕ್ಕುಗಳ ಶೌಚಕ್ಕೆಂದು ಇಟ್ಟ ಲಿಟರ್ ಬಾಕ್ಸ್ ಬಿಟ್ಟು ನಮ್ಮ ಹಾಸಿಗೆ ಮೇಲೆ, ಸೋಫಾದ ಹಿಂದೆ, ಒಗೆಯುವ ಬಟ್ಟೆಯ ಬುಟ್ಟಿಯಲ್ಲಿ ಉಚ್ಚೆ ಮಾಡುತ್ತಿದ್ದಾಳೆ. ಬಾಕ್ಸ್‌ಗಳು ಎರಡಿವೆ. ಎರಡೂ ವಾಷಿಂಗ್ ಮಷೀನ್ ಇರುವ ಕೋಣೆಯಲ್ಲಿ ಪಕ್ಕಪಕ್ಕ ಇವೆ, ಎರಡಕ್ಕೂ ಮುಚ್ಚಳ ಇದೆ. ದಿನಾ ಬೆಳಿಗ್ಗೆ ಕ್ಲೀನ್ ಮಾಡುತ್ತೇನೆ. ಅದರಲ್ಲಿ ತುಂಬುವ ಮಣ್ಣು, ಅಂದರೆ ಲಿಟರ್, ವಾಸನೆ ತಡೆಯಲೆಂದು ಸುವಾಸನೆಯದ್ದನ್ನೇ ಹಾಕಿದ್ದೇನೆ. ಬೆಕ್ಕುಗಳ ನಡುವೆ ಜಗಳ ಏನೂ ಇಲ್ಲ. ನಮ್ಮ ಯಜಮಾನರು, ಅವಳಿಗೆ ಹೊಟ್ಟೆಕಿಚ್ಚು, ಬೇಕಂತಲೇ ಮಾಡುತ್ತಾಳೆ, ಯಾರಿಗಾದರೂ ಕೊಟ್ಟುಬಿಡೋಣ ಎನ್ನುತ್ತಿದ್ದಾರೆ. ಏನು ಮಾಡಲಿ?
— ಹೆಸರು ಬೇಡ ಎಂದ ಓದುಗರು

ಉತ್ತರ: ಕೊಡುವ ಮಾತು ಆಮೇಲೆ. ಮೊದಲು ಬೆಳ್ಳಿಯ ಮೂತ್ರ ಪರೀಕ್ಷೆ ಮಾಡಿಸಿ. ಇಷ್ಟೆಲ್ಲ ವಿವರವಾಗಿ ಬರೆದಿದ್ದೀರಿ, ಪಶುವೈದ್ಯರ ಹತ್ತಿರ ಹೋದ ಸುದ್ದಿ ಮಾತ್ರ ಪತ್ರದಲ್ಲಿ ಎಲ್ಲೂ ಇಲ್ಲ.

ಮೂತ್ರಕೋಶದಲ್ಲಿ ಉರಿ ಇದ್ದರೆ ಬೆಕ್ಕು ಬಾಕ್ಸ್‌ನಲ್ಲಿ ಕೂತಾಗ ನೋವಾಗುತ್ತದೆ. ನೋವು ಒಳಗಿಂದ ಬರುತ್ತಿದೆ ಎಂದು ಅದಕ್ಕೇನು ಗೊತ್ತು? ಬಾಕ್ಸ್‌ನಲ್ಲಿ ಕೂತರೆ ನೋವು ಎಂದಷ್ಟೇ ಕಲಿಯುತ್ತದೆ. ಮೆತ್ತಗಿನ ಜಾಗ ಹುಡುಕಿಕೊಂಡು ಹಾಸಿಗೆ, ಬಟ್ಟೆ ಬುಟ್ಟಿಗೆ ಹೋಗುತ್ತದೆ. ಹರಳು, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ವಯಸ್ಸಾದ ಬೆಕ್ಕಾದರೆ ಕೀಲುನೋವು, ಇವೆಲ್ಲ ಕಾರಣ ಆಗಬಹುದು. ಬೆಳ್ಳಿಯ ವಯಸ್ಸಿಗೆ ನನಗೆ ಮೊದಲು ಅನುಮಾನ ಬರುವುದು ಬೇರೆಯದರ ಮೇಲೆ. ಆತಂಕದಲ್ಲಿ ಬದುಕುವ ಬೆಕ್ಕುಗಳಿಗೆ ಯಾವ ಸೋಂಕೂ ಇಲ್ಲದೆ ಮೂತ್ರಕೋಶ ಊದಿಕೊಳ್ಳುತ್ತದೆ. ಹಲವು ಬೆಕ್ಕುಗಳಿದ್ದು ಅವುಗಳ ನಡುವೆ ಬಿಗುವಿರುವ ಮನೆಗಳಲ್ಲಿ ಇದು ಜಾಸ್ತಿ. ಎಳೆಯ ಬೆಕ್ಕುಗಳಲ್ಲಿ ಬ್ಯಾಕ್ಟೀರಿಯಾ ಸೋಂಕು ಅಪರೂಪ. ಹಾಗಾಗಿ ಪರೀಕ್ಷೆಗೆ ಮುಂಚೆಯೇ ಒಂದು ಆ್ಯಂಟಿಬಯಾಟಿಕ್ ಬರೆದುಕೊಡಿ ಎಂದು ನಿಮ್ಮ ಡಾಕ್ಟರನ್ನು ಪೀಡಿಸಬೇಡಿ. ಮೂತ್ರ ಹಿಡಿಯುವುದು ಹೇಗೆ ಅಂತಲೂ ತಲೆ ಕೆಡಿಸಿಕೊಳ್ಳಬೇಡಿ. ಡಾಕ್ಟರೇ ಸಣ್ಣ ಸೂಜಿಯಿಂದ ಮೂತ್ರಕೋಶದಿಂದ ನೇರವಾಗಿ ತೆಗೆಯುತ್ತಾರೆ.

ಇನ್ನೊಂದು. ಇದು ಬೆಳ್ಳಿಯದ್ದೇ ಕೆಲಸ ಎಂದು ನಿಮಗೆ ಖಾತ್ರಿ ಇದೆಯೇ? ಹಾಸಿಗೆ ಮೇಲೆ ಕಣ್ಣಾರೆ ನೋಡಿರಬಹುದು. ಸೋಫಾ ಹಿಂದೆ? ಅಲ್ಲಿ ನೆಲದ ಮೇಲೆ ದೊಡ್ಡ ಕಲೆ ಇದೆಯೋ, ಗೋಡೆಯಿಂದ ಇಳಿದ ಗೆರೆ ಇದೆಯೋ ನೋಡಿ. ಗೋಡೆಯ ಮೇಲಿದ್ದರೆ ಅದು ನಿಂತುಕೊಂಡು, ಬಾಲ ನಡುಗಿಸುತ್ತಾ ಚಿಮ್ಮಿಸಿದ್ದು. ಜಾಗಕ್ಕೆ ತನ್ನ ಗುರುತು ಹಾಕುವ ಕೆಲಸ ಅದು. ಆಪರೇಷನ್ ಆದ ಗಂಡು ಬೆಕ್ಕುಗಳಲ್ಲೂ ಸುಮಾರು 10ರಲ್ಲಿ ಒಂದು ಇದನ್ನು ಮಾಡುತ್ತದೆ. ಹೆಣ್ಣುಗಳಲ್ಲಿ 20ರಲ್ಲಿ ಒಂದು. ಗುಂಡ ಸುಮ್ನೆ ಒಳ್ಳೆಯ ಹೆಸರು ತಗೊಂಡು ಕೂತಿರಬಹುದು! ಅನುಮಾನ ಉಳಿದರೆ ಡಾಕ್ಟರನ್ನು ಫ್ಲೋರೆಸಿನ್ ಬಣ್ಣದ ಬಗ್ಗೆ ಕೇಳಿ. ಒಂದು ಬೆಕ್ಕಿಗೆ ಅದನ್ನು ಕೊಟ್ಟರೆ ಆ ಬೆಕ್ಕಿನ ಮೂತ್ರ ಮಾತ್ರ ನೇರಳಾತೀತ ಟಾರ್ಚಿನ ಬೆಳಕಿನಲ್ಲಿ ಹೊಳೆಯುತ್ತದೆ.

ಈಗ ನಿಮ್ಮ ಪತ್ರದಲ್ಲಿ ನಾನು ಕೆಂಪು ಪೆನ್ನಿನಲ್ಲಿ ಗೆರೆ ಎಳೆದ ವಾಕ್ಯಕ್ಕೆ ಬರುತ್ತೇನೆ. "ಬೆಕ್ಕುಗಳ ನಡುವೆ ಜಗಳ ಏನೂ ಇಲ್ಲ." ಇದನ್ನು ಹೇಳದ ಮನೆಯೇ ಇಲ್ಲ. ಕಿರುಚಾಟ, ಪರಚಾಟ ಇಲ್ಲ ಎಂದು ನಿಮ್ಮ ಅರ್ಥ. ಬೆಕ್ಕುಗಳಿಗೆ ಅಷ್ಟೆಲ್ಲ ಗಲಾಟೆ ಬೇಕಾಗಿಲ್ಲ. ಗೌರಿ ಆ ಕೋಣೆಯ ಬಾಗಿಲಲ್ಲಿ ಉದ್ದಕ್ಕೆ ಮಲಗಿದರೆ ಮುಗಿಯಿತು. ನೀವು ನೋಡಿ, ಪಾಪ, ತಂಪಿಗೆ ಮಲಗಿದ್ದಾಳೆ ಅಂದುಕೊಳ್ಳುತ್ತೀರಿ. ಬೆಳ್ಳಿ ಬರುತ್ತಾಳೆ, ನಾಲ್ಕು ಹೆಜ್ಜೆ ದೂರದಲ್ಲಿ ನಿಲ್ಲುತ್ತಾಳೆ, ಎಲ್ಲೋ ನೋಡುತ್ತಾಳೆ, ಕಾಲು ನೆಕ್ಕಿಕೊಳ್ಳುತ್ತಾಳೆ, ವಾಪಸ್ ಹೋಗುತ್ತಾಳೆ. ಗೌರಿ ಎದ್ದೂ ಇರುವುದಿಲ್ಲ. ಕಣ್ಣು ಮಾತ್ರ ಬೆಳ್ಳಿಯ ಮೇಲೆ ನೆಟ್ಟಿರುತ್ತದೆ, ಬಾಲದ ತುದಿ ಅಲ್ಲಾಡುತ್ತಿರುತ್ತದೆ. ಅವರ ಲೆಕ್ಕದಲ್ಲಿ ಇದೇ ಜಗಳ, ಮತ್ತು ಬೆಳ್ಳಿ ಸೋತಾಯಿತು.

ಹೀಗೆ ಮಾಡಿ. ಒಂದು ಹಾಳೆ ತೆಗೆದುಕೊಂಡು ಮನೆಯ ನಕ್ಷೆ ಬರೆಯಿರಿ. ಯಾರು ಎಲ್ಲಿ ಮಲಗುತ್ತಾರೆ, ಊಟದ ಬಟ್ಟಲು ಎಲ್ಲಿ, ನೀರು ಎಲ್ಲಿ, ಬಾಕ್ಸ್ ಎಲ್ಲಿ ಎಂದು ಗುರುತು ಹಾಕಿ. ಬೆಳ್ಳಿ ಉಚ್ಚೆ ಮಾಡಿದ ಕಡೆಗಳಲ್ಲಿ ಅಡ್ಡಗೆರೆ ಹಾಕಿ. ಆಮೇಲೆ ಬೆಳ್ಳಿ ಮಲಗುವ ಜಾಗದಿಂದ ಬಾಕ್ಸ್‌ವರೆಗೆ ಒಂದು ಗೆರೆ ಎಳೆಯಿರಿ. ಆ ಗೆರೆ ಗೌರಿಯ ಜಾಗವನ್ನು ದಾಟಿಯೇ ಹೋಗುತ್ತದೆ ಎಂದು ನಾನು ಬಾಜಿ ಕಟ್ಟುತ್ತೇನೆ. ಬಾಕ್ಸ್ ಇಷ್ಟವಿಲ್ಲದ ಬೆಕ್ಕುಗಳು ಇವೆ. ಆದರೆ ಪುಕ್ಕಲು ಬೆಕ್ಕುಗಳ ವಿಷಯದಲ್ಲಿ ನಾನು ಜಾಸ್ತಿ ನೋಡಿರುವುದು ಬಾಕ್ಸ್‌ವರೆಗೆ ಹೋಗುವ ಧೈರ್ಯ ಇಲ್ಲದವನ್ನು. ಎಷ್ಟು ಹೊತ್ತು ತಡೆದುಕೊಳ್ಳಲು ಆಗುತ್ತದೆ ಹೇಳಿ?

ಯಜಮಾನರಿಗೂ ಇದನ್ನೇ ಓದಿ ಹೇಳಿ. ಹಾಸಿಗೆ ಎತ್ತರದಲ್ಲಿದೆ, ಮೆತ್ತಗಿದೆ, ನಾಲ್ಕೂ ಕಡೆಯಿಂದ ಯಾರು ಬಂದರೂ ಕಾಣುತ್ತದೆ, ಜೊತೆಗೆ ನಿಮ್ಮಿಬ್ಬರ ವಾಸನೆ ಇದೆ. ಹೆದರಿದ ಬೆಕ್ಕಿಗೆ ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಯಾವುದಿದೆ? ಹೊಟ್ಟೆಕಿಚ್ಚಿನ ಮಾತು ನಾವು ಕಟ್ಟಿದ ಕಥೆ. ಬೈಯುವುದು, ಮೂಗನ್ನು ಒದ್ದೆಗೆ ಒತ್ತುವುದು, ನೀರು ಎರಚುವುದು ಇವೆಲ್ಲ ಅವಳ ಹೆದರಿಕೆಯನ್ನು ಇನ್ನಷ್ಟು ಜಾಸ್ತಿ ಮಾಡುತ್ತವೆ. ಮುಂದಿನ ಸಲ ನಿಮಗೆ ಕಾಣದ ಜಾಗ ಹುಡುಕುತ್ತಾಳೆ, ಅಷ್ಟೇ.

ಗೌರಿಯೂ ಕೆಟ್ಟವಳಲ್ಲ. ಮನೆಬೆಕ್ಕಿನ ಮೂಲ ಆಫ್ರಿಕಾದ ಕಾಡುಬೆಕ್ಕು. ಅದು ಒಂಟಿಯಾಗಿ ಬೇಟೆಯಾಡುವ, ತನ್ನ ಜಾಗ ತಾನು ನೋಡಿಕೊಳ್ಳುವ ಪ್ರಾಣಿ. ಸರದಿ ಸಾಲಿನಲ್ಲಿ ನಿಂತು ಹಂಚಿಕೊಳ್ಳುವುದು ಅದರ ರಕ್ತದಲ್ಲಿಲ್ಲ. ಹಾಗಾಗಿ ಹಂಚಿಕೊಳ್ಳುವ ಅಗತ್ಯವೇ ಬೀಳದಂತೆ ನಾವು ಮಾಡಬೇಕು.

ಇವತ್ತೇ ಮಾಡಬಹುದಾದದ್ದು, ಎರಡೂ ಬಾಕ್ಸ್‌ಗಳ ಮುಚ್ಚಳ ತೆಗೆಯಿರಿ. ಮುಚ್ಚಳದ ಬಾಕ್ಸ್‌ಗೆ ಬಾಯಿ ಒಂದೇ. ಹೊರಗೆ ಗೌರಿ ಕಾದಿದ್ದರೆ ಒಳಗಿದ್ದವಳಿಗೆ ಓಡಲು ದಾರಿ ಇಲ್ಲ. ವಾಸನೆಯೂ ಒಳಗೇ ಕೂಡಿಕೊಳ್ಳುತ್ತದೆ, ನಿಮ್ಮ ಮೂಗಿಗೆ ತಟ್ಟುವುದಿಲ್ಲ ಅಷ್ಟೇ. ಆಮೇಲೆ ಬಾಕ್ಸ್‌ಗಳ ಸಂಖ್ಯೆ. ಎಷ್ಟು ಬೆಕ್ಕೋ ಅಷ್ಟು, ಜೊತೆಗೆ ಒಂದು ಜಾಸ್ತಿ ಎನ್ನುವುದು ನಾವು ಡಾಕ್ಟರುಗಳು ಹೇಳುವ ಲೆಕ್ಕ. ನಿಮ್ಮ ಮನೆಗೆ ನಾಲ್ಕು. ಆದರೆ ನಾಲ್ಕನ್ನೂ ಸಾಲಾಗಿ ಒಂದೇ ಕೋಣೆಯಲ್ಲಿ ಇಟ್ಟರೆ ಬೆಕ್ಕಿನ ಕಣ್ಣಿಗೆ ಅದು ಒಂದೇ ಬಾಕ್ಸ್. ಒಬ್ಬಳು ಬಾಗಿಲಲ್ಲಿ ಕೂತರೆ ನಾಲ್ಕೂ ಅವಳದ್ದೇ. ಸಾಲಾಗಿ ನಾಲ್ಕು ಇಡುವುದಕ್ಕಿಂತ ಮೂರು ಬೇರೆ ಬೇರೆ ಕಡೆ ಇಡುವುದು ನನಗೆ ಮೇಲು.

ಹೊಸ ಬಾಕ್ಸ್‌ಗಳಲ್ಲಿ ಒಂದು ಬೆಳ್ಳಿ ಅಡಗುವ ಕೋಣೆಯಲ್ಲೇ ಇರಲಿ. ಇನ್ನೊಂದನ್ನು ಸದ್ಯಕ್ಕೆ ಸೋಫಾ ಪಕ್ಕದಲ್ಲೇ ಇಡಿ. ಚೆನ್ನಾಗಿ ಕಾಣುವುದಿಲ್ಲ, ಗೊತ್ತು. ಒದ್ದೆ ಸೋಫಾ ಅದಕ್ಕಿಂತ ಚೆನ್ನಾಗಿ ಕಾಣುತ್ತದೆಯೇ? ಅವಳು ಅದನ್ನು ರೂಢಿ ಮಾಡಿಕೊಂಡ ಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ಸರಿಸಿ ಮೂಲೆಗೆ ತಳ್ಳಬಹುದು. ಹಳೆಯ ಎರಡನ್ನು ಈಗಲೇ ಕದಲಿಸಬೇಡಿ, ಉಳಿದಿಬ್ಬರು ಗೊಂದಲಗೊಳ್ಳುತ್ತಾರೆ. ವಾಷಿಂಗ್ ಮಷೀನ್ ಇದ್ದಕ್ಕಿದ್ದಂತೆ ಗಡಗಡ ಎನ್ನುವ ಕೋಣೆಗೆ ಬೆಳ್ಳಿ ಮತ್ತೆ ಹೋಗುತ್ತಾಳೆ ಎಂಬ ಆಸೆಯನ್ನಂತೂ ಬಿಡಿ. ಬಾಕ್ಸ್‌ನ ಉದ್ದ ಬೆಕ್ಕಿನ ಮೈಯುದ್ದದ ಒಂದೂವರೆ ಪಟ್ಟು ಇರಬೇಕು. ಅಂಗಡಿಯಲ್ಲಿ ಸಿಗುವವು ಬಹಳಷ್ಟು ಚಿಕ್ಕವು. ಬಟ್ಟೆ ತುಂಬಿಡುವ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ತಂದು ಒಂದು ಬದಿಯನ್ನು ತಗ್ಗಾಗಿ ಕತ್ತರಿಸಿದರೆ ಒಳ್ಳೆಯ ಬಾಕ್ಸ್ ಆಗುತ್ತದೆ. ಒಳಗೆ ಕೂತೇ ಯಾರು ಬರುತ್ತಿದ್ದಾರೆ ಎಂದು ನೋಡಬಹುದು.

ಲಿಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸುವಾಸನೆ ಬೇಡ. ಅಂಗಡಿಯ ಲಿಟರ್ ಶುರುವಾಗಿದ್ದೇ 1947ರಲ್ಲಿ, ಅಮೆರಿಕದ ಎಡ್ವರ್ಡ್ ಲೋವ್ ಎಂಬಾತ ಬೂದಿಯ ಬದಲು ಇದನ್ನು ಹಾಕಿ ನೋಡಿ ಎಂದು ಪಕ್ಕದ ಮನೆಯವರಿಗೆ ಜೇಡಿಮಣ್ಣಿನ ಹರಳು ಕೊಟ್ಟಾಗ. ಆಮೇಲೆ ಸೇರಿದ ಹೂವಿನ ಪರಿಮಳವೆಲ್ಲ ನಮ್ಮ ಮೂಗಿಗಾಗಿ. ಬೆಕ್ಕಿಗೆ ಸಣ್ಣ ಕಣದ, ಮರಳಿನಂಥ, ವಾಸನೆಯಿಲ್ಲದ ಲಿಟರ್ ಎರಡು ಇಂಚು ಆಳಕ್ಕೆ ಇದ್ದರೆ ಸಾಕು. ದಿನಕ್ಕೆ ಒಮ್ಮೆ ಬಾಚುತ್ತೀರಲ್ಲ, ಅದನ್ನು ಎರಡು ಸಲ ಮಾಡಿ. ಉಚ್ಚೆಯಾದ ಕಡೆ ಎನ್‌ಜೈಮ್ ಇರುವ ಕ್ಲೀನರ್ ಹಾಕಿ. ಅಮೋನಿಯ ಇರುವ ಕ್ಲೀನರ್ ಬೇಡ, ಅದರ ವಾಸನೆ ಬೆಕ್ಕಿಗೆ ಇನ್ನೊಬ್ಬರ ಉಚ್ಚೆಯಂತೆಯೇ ಇರುತ್ತದೆ.

ಇಷ್ಟಕ್ಕೇ ಸರಿಹೋದರೆ ಒಳ್ಳೆಯದು. ಹೋಗದಿದ್ದರೆ ಬೆಳ್ಳಿಗೆ ಕೆಲವು ವಾರ ಒಂದು ಕೋಣೆ ಬಿಟ್ಟುಕೊಡಿ. ಕೂಡಿ ಹಾಕಿದ ಹಾಗಾಗುತ್ತದೆ ಎಂದು ನಿಮಗೆ ಸಂಕಟ ಆಗಬಹುದು. ಅವಳಿಗೆ ಅದು ರಜೆ. ಒಂದು ಮೂಲೆಯಲ್ಲಿ ಬಾಕ್ಸ್, ಎದುರಿನ ಮೂಲೆಯಲ್ಲಿ ಊಟ ಮತ್ತು ನೀರು, ಹತ್ತಿ ಕೂರಲು ಒಂದು ಎತ್ತರದ ಜಾಗ, ಅಡಗಲು ಎರಡು ಬಾಯಿ ಕತ್ತರಿಸಿದ ರಟ್ಟಿನ ಪೆಟ್ಟಿಗೆ. ನೀವು ಹೋಗಿ ನೆಲದ ಮೇಲೆ ಕೂತು ಏನಾದರೂ ಓದಿಕೊಳ್ಳಿ. ಎಳೆದು ತೊಡೆ ಮೇಲೆ ಕೂರಿಸಬೇಡಿ. ಅವಳು ನಿಮ್ಮ ಕಡೆ ನೋಡಿದಾಗ ಕಣ್ಣನ್ನು ನಿಧಾನವಾಗಿ ಕಿರಿದು ಮಾಡಿ, ಮುಚ್ಚಿ, ತೆರೆಯಿರಿ. ನಗಬೇಡಿ, 2020ರಲ್ಲಿ ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಹಾಗೆ ಕಣ್ಣು ಕಿರಿದು ಮಾಡಿದವರ ಕೈಯ ಹತ್ತಿರ ಬೆಕ್ಕುಗಳು ಜಾಸ್ತಿ ಬಂದವು.

ಅವಳು ಅಲ್ಲಿ ತಪ್ಪದೆ ಬಾಕ್ಸ್ ಬಳಸುತ್ತಾ, ಬಾಲ ಎತ್ತಿಕೊಂಡು ಓಡಾಡಲು ಶುರು ಮಾಡಿದ ಮೇಲೆ ಉಳಿದವರ ಜೊತೆ ಮತ್ತೆ ಪರಿಚಯ ಮಾಡಿಸಿ. ಹೊಸ ಬೆಕ್ಕು ತಂದಿದ್ದೀರಿ ಎಂದೇ ಅಂದುಕೊಳ್ಳಿ. ಒಬ್ಬರು ಮಲಗಿದ ಬಟ್ಟೆಯನ್ನು ಇನ್ನೊಬ್ಬರ ಹತ್ತಿರ ಇಡಿ. ಮುಚ್ಚಿದ ಬಾಗಿಲಿನ ಎರಡೂ ಕಡೆ ಒಂದೇ ಹೊತ್ತಿಗೆ ಊಟ ಹಾಕಿ. ಇಬ್ಬರೂ ನೆಮ್ಮದಿಯಾಗಿ ತಿನ್ನುವಂತಾದರೆ ಬಾಗಿಲಿನ ಬದಲು ಜಾಲರಿ. ಆಮೇಲೆ ಸ್ವಲ್ಪ ಹೊತ್ತು ಒಂದೇ ಕೋಣೆಯಲ್ಲಿ, ನಿಮ್ಮ ಕಣ್ಣೆದುರು. ಮೊದಲು ಗುಂಡನನ್ನು ಬಿಡಿ, ಗೌರಿ ಕೊನೆಗೆ. ಗೌರಿ ದಿಟ್ಟಿಸಲು ಶುರು ಮಾಡಿದರೆ ಬೈಯಬೇಡಿ, ದಾರಕ್ಕೆ ಕಟ್ಟಿದ ಆಟಿಕೆ ಎಳೆದು ಅವಳ ಕಣ್ಣನ್ನು ಬೇರೆ ಕಡೆ ತಿರುಗಿಸಿ. ಅವಳ ಕೊರಳಿಗೆ, ಸಿಕ್ಕಿಕೊಂಡರೆ ತಾನೇ ಬಿಚ್ಚಿಕೊಳ್ಳುವಂಥ ಪಟ್ಟಿಯಲ್ಲಿ, ಒಂದು ಸಣ್ಣ ಗೆಜ್ಜೆ ಕಟ್ಟಬಹುದು. ಗೌರಿ ಎಲ್ಲಿದ್ದಾಳೆ ಎಂದು ಬೆಳ್ಳಿಗೆ ಗೊತ್ತಾದರೆ ಅರ್ಧ ಹೆದರಿಕೆ ಕಡಿಮೆ. ಗೌರಿಗೆ ದಿನಕ್ಕೆ ಎರಡು ಹೊತ್ತು ಸುಸ್ತಾಗುವಷ್ಟು ಆಟ ಆಡಿಸಿ. ಕೆಲಸವಿಲ್ಲದ ಬೆಕ್ಕು ಕಾವಲುಗಾರ ಆಗುತ್ತದೆ. ಪ್ಲಗ್‌ಗೆ ಹಾಕುವ ಫೆರೋಮೋನ್ ಡಿಫ್ಯೂಸರ್, ಅಂದರೆ ಬೆಕ್ಕನ್ನು ಸಮಾಧಾನ ಮಾಡುವ ವಾಸನೆ ಬಿಡುವ ಸಾಧನದ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೆಲವು ಮನೆಗಳಲ್ಲಿ ಉಪಯೋಗ ಆಗುತ್ತದೆ, ಬಾಕ್ಸ್ ಸರಿಸುವ ಬದಲಿಗೆ ಅದನ್ನು ನಂಬಬೇಡಿ.

ಕೊಟ್ಟುಬಿಡುವ ಪ್ರಶ್ನೆಗೆ ಈಗ ಉತ್ತರ. ಚಿಕಿತ್ಸೆ ಆಗಿ, ಜಾಗ ಬದಲಾಗಿ, ಪರಿಚಯವೂ ಮುಗಿದ ಮೇಲೂ ಬೆಳ್ಳಿ ದಿನವಿಡೀ ಮಂಚದ ಕೆಳಗೇ ಇದ್ದರೆ, ಬೇರೆ ಬೆಕ್ಕಿಲ್ಲದ ಒಳ್ಳೆಯ ಮನೆ ಸಿಕ್ಕಿದರೆ, ಕೊಡುವುದು ತಪ್ಪಲ್ಲ. ಕೆಲವು ಬೆಕ್ಕುಗಳು ಒಂಟಿಯಾಗಿದ್ದರೇ ಅರಳುತ್ತವೆ. ಆದರೆ ಮುಚ್ಚಳ ತೆಗೆಯುವ ಮೊದಲೇ ಬೆಕ್ಕನ್ನು ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ: ನಮ್ಮ ಗಂಡು ಬೆಕ್ಕು ನಿನ್ನೆಯಿಂದ ಮತ್ತೆ ಮತ್ತೆ ಬಾಕ್ಸ್‌ಗೆ ಹೋಗಿ ತಿಣುಕುತ್ತಿದೆ. ಏನೂ ಬರುತ್ತಿಲ್ಲ. ಇದೂ ಇನ್ನೊಂದು ಬೆಕ್ಕಿನ ಹೆದರಿಕೆಯಿಂದಲೇ? ಮಲಬದ್ಧತೆಗೆ ಏನಾದರೂ ಮನೆಮದ್ದು ಇದೆಯೇ?
— ಇನ್ನೊಬ್ಬ ಓದುಗರು

ಉತ್ತರ: ನಿಮ್ಮ ಪತ್ರ ಕೈಸೇರಿದ ದಿನವೇ ಫೋನಿನಲ್ಲಿ ನಿಮಗೆ ಹೇಳಿದ್ದನ್ನು ಉಳಿದವರಿಗಾಗಿ ಇಲ್ಲಿ ಬರೆಯುತ್ತೇನೆ. ಮನೆಮದ್ದು ಬೇಡ, ಕಾಯುವುದೂ ಬೇಡ. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಕಿರಿದು. ಹರಳು ಅಥವಾ ಲೋಳೆ ಸಿಕ್ಕಿಕೊಂಡರೆ ಪೂರ್ತಿ ಮುಚ್ಚಿಹೋಗುತ್ತದೆ. ಮೂತ್ರ ಹೊರಗೆ ಹೋಗದೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯ ನಿಲ್ಲಬಹುದು. ಒಂದೆರಡು ದಿನದಲ್ಲಿ ಬೆಕ್ಕು ಸಾಯುವ ತುರ್ತು ಇದು. ನೋಡುವವರಿಗೆ ಮಲಬದ್ಧತೆಯ ಹಾಗೇ ಕಾಣುತ್ತದೆ, ಅದಕ್ಕೇ ಮೋಸ ಹೋಗುತ್ತಾರೆ. ಮತ್ತೆ ಮತ್ತೆ ಕೂರುವುದು, ಕೂಗುವುದು, ಆ ಭಾಗವನ್ನು ನೆಕ್ಕುತ್ತಲೇ ಇರುವುದು, ವಾಂತಿ, ಮಂಕು ಕಂಡರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ಹೊಟ್ಟೆಯನ್ನು ಒತ್ತಿ ನೋಡಲು ಹೋಗಬೇಡಿ, ತುಂಬಿದ ಮೂತ್ರಕೋಶ ಒಡೆಯಬಹುದು. ಹೊರಡುವ ಮೊದಲು ಫೋನ್ ಮಾಡಿ, "ಗಂಡು ಬೆಕ್ಕು, ಮೂತ್ರ ನಿಂತಿದೆ" ಎಂದು ಹೇಳಿ. ಅಷ್ಟು ಹೇಳಿದರೆ ನೀವು ತಲುಪುವಷ್ಟರಲ್ಲಿ ಅವರು ಸಿದ್ಧವಾಗಿರುತ್ತಾರೆ.