ದೂರು ಕೊಟ್ಟರೆ ತಂಗಿಯನ್ನೂ ವಾಪಸ್ ಕಳಿಸ್ತಾರಾ?

ಅಕ್ಕಾ, ಅಮೆರಿಕದಲ್ಲಿ ತಂಗಿಗೆ ಗಂಡ ಹೊಡೆಯುತ್ತಾನೆ, ಪೊಲೀಸರಿಗೆ ಹೇಳಿದರೆ ಇಬ್ಬರನ್ನೂ ಗಡೀಪಾರು ಮಾಡುತ್ತಾರಾ ಅಂತ ಪುಣೆ ಬಳಿಯ ಪಿಂಪ್ರಿಯಿಂದ ಕೇಳಿದ್ದೀರಿ. ಮನೆಯ ಹಿರಿಯರು ಸುಮ್ನಿರು ಅಂದರೂ ದಯವಿಟ್ಟು ಸುಮ್ಮನಿರಬೇಡಿ.

ಹೊಡೆದದ್ದು ಅವನು, ಗಡೀಪಾರಿನ ಕುತ್ತೂ ಅವನಿಗೇ. ಹೆಂಡತಿಯ ಮೇಲಿನ ಹಲ್ಲೆ ಕೋರ್ಟ್‌ನಲ್ಲಿ ಸಾಬೀತಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ಹೊರಗೆ ಕಳಿಸಬಹುದು. ಜೈಲು ತಪ್ಪಿಸಲು ತಪ್ಪೊಪ್ಪಿಕೊಂಡು ಪ್ರೊಬೇಷನ್ (ಜೈಲಿನ ಬದಲು ನಿಗಾದಲ್ಲಿ ಹೊರಗಿರುವುದು) ಪಡೆದರೂ ವಲಸೆ ಕಾನೂನಿನಲ್ಲಿ ಅದು ಅಪರಾಧವೇ. ಹೆಂಡತಿಯ ತಂಟೆಗೆ ಹೋಗಬಾರದೆಂಬ ಕೋರ್ಟಿನ ರಕ್ಷಣಾ ಆದೇಶ ಮುರಿದು ಮತ್ತೆ ಬೆದರಿಸಿದ್ದು ಕೋರ್ಟಿಗೆ ಖಚಿತವಾದರೆ ಗಡೀಪಾರಿಗೆ ಅಷ್ಟೇ ಸಾಕು.

ತಂಗಿಯ ಭಯ ಸುಳ್ಳಲ್ಲ. ಅವಳ ಎಚ್-4 (ಅವಲಂಬಿತರ ವೀಸಾ) ನಿಂತಿರುವುದೇ ಗಂಡನ ಎಚ್-1ಬಿ (ಕೆಲಸದ ವೀಸಾ) ಮೇಲೆ, ಅಲ್ವಾ? ಅವನದು ಹೋದರೆ ಇವಳದೂ ಹೋಗುತ್ತದೆ. ಆದರೆ ಪೊಲೀಸರಿಗೆ ಸಹಕರಿಸುವ ಸಂತ್ರಸ್ತರಿಗೆ ಅಲ್ಲೇ ಉಳಿಯಲು ಯು ವೀಸಾ ಇದೆ. ವರ್ಷಕ್ಕೆ 10,000 ಮಾತ್ರ, ಹಾಗಾಗಿ ಕಾಯುವುದು ಜಾಸ್ತಿ. ಅದಕ್ಕೇ ಮೊದಲು ಅವಳದೇ ಆದ ವಲಸೆ ವಕೀಲರನ್ನು ಹಿಡಿಯಿರಿ, ಗಂಡನ ವಕೀಲರು ಬೇಡ. ಪಾಸ್‌ಪೋರ್ಟ್, ಗಾಯದ ಫೋಟೋಗಳ ನಕಲು ನಿಮ್ಮ ಹತ್ತಿರ ಇರಲಿ. ಅಲ್ಲಿನ ಸಹಾಯವಾಣಿ 1-800-799-7233, ಅವನ ಕೈಗೆ ಸಿಗದ ಫೋನಿನಿಂದ ಮಾಡಲಿ.

ತಂಗಿ ಪುಣೆಗೆ ಬಂದರೂ ದಾರಿ ಮುಚ್ಚಿಲ್ಲ. ಆಸರೆ ಪಡೆದ ಊರಲ್ಲೇ ಗಂಡನ ಕ್ರೌರ್ಯದ ದೂರು ಕೊಡಬಹುದು ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ.