ಅಭಿಮಾನದ ಕ್ಲಬ್‌ನಲ್ಲಿ ಹಣ ಹೂಡಬಹುದೇ?

ಪ್ರಶ್ನೆ: ಮಾನ್ಯರೇ, ನಾನು ಹಲಸೂರಿನ ಗೌತಮಪುರದ ನಿವಾಸಿ. ಶಾಲಾ ದಿನಗಳಿಂದಲೂ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಅಭಿಮಾನಿ. ಈಗ ಮೊಬೈಲ್‌ನಲ್ಲೇ ಅಮೆರಿಕದ ಷೇರು ಕೊಳ್ಳಬಹುದಾದ್ದರಿಂದ, ಚೀಟಿ ಎತ್ತಿ ಬಂದ ಎರಡು ಲಕ್ಷ ರೂಪಾಯಿಯನ್ನು ಆ ಕ್ಲಬ್‌ನಲ್ಲಿ ಹೂಡಿ ಪಾಲುದಾರನಾಗಬೇಕೆಂದಿದ್ದೇನೆ. ಸ್ನೇಹಿತರು ಫ್ಯಾನ್ ಟೋಕನ್ ಕೊಳ್ಳಲು ಹೇಳುತ್ತಾರೆ. ಬೆಂಗಳೂರು ಎಫ್‌ಸಿಯಲ್ಲೇ ಪಾಲು ಸಿಗುವುದಾದರೆ ಇನ್ನೂ ಸಂತೋಷ. ಸಲಹೆ ನೀಡಿ.

ಉತ್ತರ: ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿರುವ ಬಡಾವಣೆಯವರು ನೀವು, ನಿಮ್ಮ ಆಸೆಯನ್ನು ಹುಚ್ಚು ಎಂದು ತಳ್ಳಿಹಾಕುವುದಿಲ್ಲ. ಆದರೆ ಹಣ ಕೊಡುವ ಮೊದಲು, ಅದರ ಜೊತೆಗೆ ನಿಮಗೆ ಎಷ್ಟು ಮತ ಸಿಗುತ್ತದೆ ಎಂಬುದನ್ನು ವಿಚಾರಿಸಿಕೊಳ್ಳಿ.

ಮ್ಯಾಂಚೆಸ್ಟರ್ ಯುನೈಟೆಡ್‌ನ ಷೇರು 2012ರಲ್ಲಿ 14 ಡಾಲರ್ ಬೆಲೆಗೆ ನ್ಯೂಯಾರ್ಕ್ ಷೇರು ಪೇಟೆಗೆ ಬಂದಿತು. ಸಾರ್ವಜನಿಕರಿಗೆ ದೊರೆಯುವ 'ಎ' ವರ್ಗದ ಷೇರಿಗೆ ಒಂದು ಮತವಿದ್ದರೆ, ಮಾಲೀಕರ ಕೈಯಲ್ಲಿರುವ 'ಬಿ' ವರ್ಗದ ಷೇರಿಗೆ ಹತ್ತು ಮತಗಳಿವೆ. ಹಾಗಾಗಿ ತರಬೇತುದಾರರ ನೇಮಕವಿರಲಿ, ಟಿಕೆಟ್ ದರವಿರಲಿ, ನಿಮ್ಮ ಮಾತು ಅಲ್ಲಿ ನಡೆಯುವುದಿಲ್ಲ. ಲಾಭದ ದೃಷ್ಟಿಯಿಂದಲೂ ಹೆಚ್ಚು ನಿರೀಕ್ಷೆ ಬೇಡ. 2024ರ ಬಹುಪಾಲು ಆ ಷೇರು 20 ಡಾಲರ್‌ಗಿಂತ ಕೆಳಗೇ ಇತ್ತು. ಕ್ಲಬ್‌ಗಳಿಗೆ ಬರುವ ಆದಾಯದ ಹೆಚ್ಚಿನ ಪಾಲು ಆಟಗಾರರ ಸಂಬಳಕ್ಕೂ ಖರೀದಿಗೂ ಹೋಗುವುದರಿಂದ, ಷೇರುದಾರರಿಗೆ ಹಂಚಲು ಉಳಿಯುವುದು ಅಲ್ಪ.

ಮತ ಕೈಯಲ್ಲಿದ್ದರೂ ಸಾಲದು ಎಂಬುದಕ್ಕೆ ಇಂಗ್ಲೆಂಡಿನ ಎಬ್ಸ್‌ಫ್ಲೀಟ್ ಯುನೈಟೆಡ್ ಸಾಕ್ಷಿ. ಅಂತರ್ಜಾಲದಲ್ಲಿ ಒಟ್ಟುಗೂಡಿದ ಸಾವಿರಾರು ಅಭಿಮಾನಿಗಳು ತಲಾ 35 ಪೌಂಡ್ ವಾರ್ಷಿಕ ಸದಸ್ಯತ್ವ ಶುಲ್ಕ ಹಾಕಿ 2008ರಲ್ಲಿ ಆ ಪುಟ್ಟ ಕ್ಲಬ್‌ನ ಮುಕ್ಕಾಲು ಪಾಲನ್ನು ಕೊಂಡರು. ಅದೇ ಮೇ ತಿಂಗಳಲ್ಲಿ ತಂಡವು ವೆಂಬ್ಲಿ ಮೈದಾನದಲ್ಲಿ ಎಫ್‌ಎ ಟ್ರೋಫಿ ಗೆದ್ದಾಗ, ತಮ್ಮ ಮನೆಯಲ್ಲಿ ಕುಳಿತೇ ಮಾಲೀಕರಾಗಿದ್ದ ಅವರ ಸಂಭ್ರಮ ಎಷ್ಟಿದ್ದಿರಬೇಕು! ಆದರೆ ಮರುವರ್ಷ ಸದಸ್ಯತ್ವ ನವೀಕರಿಸುವ ಹೊತ್ತಿಗೆ ಬಹಳಷ್ಟು ಮಂದಿ ಹಿಂದೆ ಸರಿದರು. ಸದಸ್ಯರ ಸಂಖ್ಯೆ ಇಳಿದಂತೆ ಹಣವೂ ಬತ್ತಿತು. 2013ರಲ್ಲಿ ಅವರು ಕ್ಲಬ್ಬನ್ನು ಕೈಬಿಟ್ಟರು. ಉತ್ಸಾಹ ಒಂದು ಸಲ ಬರುತ್ತದೆ, ಆಟಗಾರರ ಸಂಬಳದ ದಿನ ತಿಂಗಳಿಗೊಮ್ಮೆ ಬರುತ್ತದೆ.

ಇದಕ್ಕೆ ಎದುರಾಗಿ ಸ್ಪೇನಿನ ರಿಯಲ್ ಒವಿಯೆಡೊ 2012ರಲ್ಲಿ ಮುಚ್ಚುವ ಸ್ಥಿತಿಗೆ ಬಂದಾಗ, ಹಲವು ದೇಶಗಳ ಅಭಿಮಾನಿಗಳು 10.75 ಯೂರೊಗೆ ಒಂದರಂತೆ ಷೇರು ಕೊಂಡು ಅದನ್ನು ಉಳಿಸಿದರು. ಅಲ್ಲಿಯೇ ಬೆಳೆದ ಕಾಸೊರ್ಲಾ, ಮಾಟಾ ಮುಂತಾದ ಆಟಗಾರರೂ ಕೈಜೋಡಿಸಿದರು. ಕೊನೆಗೆ ಮೆಕ್ಸಿಕೊದ ಉದ್ಯಮಿ ಕಾರ್ಲೋಸ್ ಸ್ಲಿಮ್ 20 ಲಕ್ಷ ಯೂರೊ ಹಾಕಿದರು. 2025ರಲ್ಲಿ ಆ ತಂಡ ಮತ್ತೆ ಅಗ್ರ ವಿಭಾಗಕ್ಕೇರಿತು. ಲಾಭವನ್ನು ಎದುರುನೋಡದೆ ಕೊಟ್ಟ ಹಣವದು, ಮತ್ತು ಅಂಥ ಹಣದ ಬಗ್ಗೆ ನನಗೆ ಅಪಾರ ಗೌರವವಿದೆ.

ಫ್ಯಾನ್ ಟೋಕನ್ ನಿಮಗೆ ಬೇಡವೆಂದೇ ಹೇಳುತ್ತೇನೆ. ಅದು ಷೇರಲ್ಲ, ಕ್ರಿಪ್ಟೊ ಆಸ್ತಿ; ಗೋಲ್ ಬಿದ್ದಾಗ ಯಾವ ಹಾಡು ಹಾಕಬೇಕೆಂಬಂಥ ಸಣ್ಣ ವಿಷಯಗಳಲ್ಲಷ್ಟೇ ನಿಮ್ಮ ಅಭಿಪ್ರಾಯ ಕೇಳುತ್ತಾರೆ. ನಮ್ಮಲ್ಲಿ ಅದರ ಲಾಭಕ್ಕೆ ಶೇ 30ರಷ್ಟು ತೆರಿಗೆಯಿದೆ, ನಷ್ಟವನ್ನು ಬೇರೆ ಆದಾಯದಲ್ಲಿ ಕಳೆದುಕೊಳ್ಳುವಂತೆಯೂ ಇಲ್ಲ.

ಬೆಂಗಳೂರು ಎಫ್‌ಸಿ 2013ರಿಂದಲೂ ಜೆಎಸ್‌ಡಬ್ಲ್ಯು ಸಮೂಹದ ಒಡೆತನದಲ್ಲಿದ್ದು, ಅದರ ಷೇರು ಪೇಟೆಯಲ್ಲಿ ದೊರೆಯುವುದಿಲ್ಲ. ಖಾಸಗಿ ಕಂಪನಿಯೊಂದು ಷೇರು ಕೊಳ್ಳಿರೆಂದು ಸಾರ್ವಜನಿಕರನ್ನು ಆಹ್ವಾನಿಸುವುದನ್ನು ಕಂಪನಿ ಕಾಯ್ದೆಯೇ ನಿಷೇಧಿಸಿರುವುದರಿಂದ, ವಾಟ್ಸ್‌ಆ್ಯಪ್‌ನಲ್ಲಿ ಯಾರಾದರೂ ಇಂಥ ಪಾಲು ಮಾರಲು ಬಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಆದ್ದರಿಂದ ಎರಡು ಲಕ್ಷದಲ್ಲಿ, ಪೂರ್ತಿ ಹೋದರೂ ಮನೆಯ ಖರ್ಚಿಗೆ ತೊಂದರೆಯಾಗದಷ್ಟು ಸಣ್ಣ ಮೊತ್ತಕ್ಕೆ ಮಾತ್ರ ಯುನೈಟೆಡ್ ಷೇರು ಕೊಳ್ಳಿ; ಲಾಭ ಬರಲಿ ಬಿಡಲಿ, ಆದಾಯ ತೆರಿಗೆ ರಿಟರ್ನ್ಸ್‌ನ ವಿದೇಶಿ ಆಸ್ತಿಯ ವಿವರದಲ್ಲಿ ಅದನ್ನು ತಪ್ಪದೆ ನಮೂದಿಸಿ. ನಿಜವಾಗಿ ಮಾತು ನಡೆಯುವ ಕಡೆ ಹಣ ಹಾಕಬೇಕೆಂದಿದ್ದರೆ, ಅಶೋಕನಗರದ ಕ್ರೀಡಾಂಗಣದಲ್ಲಿ ಲೀಗ್ ಆಡುವ ಸ್ಥಳೀಯ ಕ್ಲಬ್‌ಗಳ ಪೈಕಿ ಸಂಘವಾಗಿ ನೋಂದಣಿಯಾಗಿರುವುದು ಯಾವುದೆಂದು ವಿಚಾರಿಸಿ. ಅದರ ಉಪನಿಯಮಗಳನ್ನೂ ಕಳೆದ ವರ್ಷದ ಲೆಕ್ಕಪರಿಶೋಧನಾ ವರದಿಯನ್ನೂ ಓದಿಕೊಂಡು, ಸದಸ್ಯರಿಗೆ ವಾರ್ಷಿಕ ಸಭೆಯಲ್ಲಿ ಮತದಾನದ ಹಕ್ಕಿದೆಯೆಂದು ಖಚಿತಪಡಿಸಿಕೊಂಡ ಬಳಿಕ ಸದಸ್ಯತ್ವ ಪಡೆಯಿರಿ.