ಅಲ್ಲಿ ಸಂಪು, ಇಲ್ಲಿ ಸಂಪ್

ಜೂನ್‌ನಲ್ಲಿ ಅಪ್ಪ ಅಮ್ಮ ಬರುತ್ತಾರೆ, ಅಷ್ಟರೊಳಗೆ ಬೇಸ್‌ಮೆಂಟ್‌ನಲ್ಲಿ ಒಂದು ಬೆಡ್‌ರೂಮು, ಬಾತ್‌ರೂಮು ಮಾಡಿಸಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಈ ಸಲ ಅವರಿಗೆ ಮೇಲಿನ ರೂಮನ್ನೇ ಕೊಡಿ. ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿ ಮನೆ ತಗೊಂಡು ನಾಲ್ಕು ತಿಂಗಳಾಯಿತು ಅಂದರೆ ಆ ಮನೆಯಲ್ಲಿ ನೀವಿನ್ನೂ ಒಂದೂ ಏಪ್ರಿಲ್ ಮಳೆ ನೋಡಿಲ್ಲ.

ನಮ್ಮ ಕಡೆ ಸಂಪು ಕಟ್ಟಿಸೋದು ನೀರು ನಿಲ್ಲಲಿ ಅಂತ. ಇಲ್ಲಿ ಬೇಸ್‌ಮೆಂಟ್ ಮೂಲೆಯಲ್ಲಿರೋ ಸಂಪ್ ಗುಂಡಿ ಬಂದ ನೀರನ್ನು ಪಂಪ್‌ನಿಂದ ಹೊರಗೆ ಹಾಕೋಕೆ. ಈ ವ್ಯತ್ಯಾಸ ನನಗೆ ತಲೆಗೆ ಹೋಗಿದ್ದು ದುಡ್ಡು ಕಳೆದುಕೊಂಡ ಮೇಲೆ. ಮೊದಲ ಚಳಿಗಾಲದಲ್ಲೇ ಕಾರ್ಪೆಟ್ ಹಾಕಿಸಿಬಿಟ್ಟಿದ್ದೆ. ಏಪ್ರಿಲ್‌ನ ಒಂದು ರಾತ್ರಿ ಗುಡುಗು ಮಳೆ, ಕರೆಂಟ್ ಹೋಯಿತು, ಪಂಪ್ ನಿಂತಿತು. ಬೆಳಿಗ್ಗೆ ಕೊನೇ ಮೆಟ್ಟಿಲಿಂದ ಕಾಲಿಟ್ಟರೆ ಪಚಕ್! ಸಂಪ್ ಕೈಕೊಟ್ಟರೆ ಇನ್ಶೂರೆನ್ಸ್ ಸಿಗೋಕೆ ಬೇರೆ ರೈಡರ್, ಅಂದರೆ ಪಾಲಿಸಿಗೆ ಸೇರಿಸೋ ಹೆಚ್ಚುವರಿ ಕವರ್, ತಗೊಂಡಿರಬೇಕಂತೆ. ನಾನು ತಗೊಂಡಿರಲಿಲ್ಲ. ನೀವು ಇವತ್ತೇ ಪಾಲಿಸಿ ತೆಗೆದು ನೋಡಿ, ಪಂಪ್‌ಗೆ ಬ್ಯಾಟರಿ ಬ್ಯಾಕಪ್ಪೂ ಹಾಕಿಸಿ.

ಸದ್ಯಕ್ಕೆ ಜಾಸ್ತಿ ಖರ್ಚಿಲ್ಲದ ಕೆಲಸ ಎರಡಿವೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಕಾಂಕ್ರೀಟ್ ನೆಲಕ್ಕೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಟ್ಟು ಎತ್ತಿ. ಅಡಿಯಲ್ಲಿ ಬೆವರಿದ್ದರೆ ನೆಲದಿಂದಲೇ ತೇವ ಏರುತ್ತಿದೆ ಅಂತ ಅರ್ಥ. ಇನ್ನೊಂದು ರೇಡಾನ್ ಟೆಸ್ಟ್. ಮಣ್ಣಿನಿಂದ ಬರುವ ಈ ಗ್ಯಾಸಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಆದರೆ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ. ರೀಡಿಂಗ್ ಒಂದು ಲೀಟರ್ ಗಾಳಿಗೆ 4 ಪಿಕೋಕ್ಯೂರಿ (ವಿಕಿರಣದ ಅಳತೆ) ಮುಟ್ಟಿದರೆ ಸರಿಮಾಡಿಸಿ ಅಂತ ಇಲ್ಲಿನ ಸರ್ಕಾರದ ಪರಿಸರ ಸಂಸ್ಥೆ ಇಪಿಎ ಹೇಳುತ್ತದೆ. ಅದಕ್ಕೆ ಸಾಮಾನ್ಯವಾಗಿ ನೆಲ ಕೊರೆದು ಪೈಪ್ ಇಳಿಸಬೇಕು, ಹೊಸ ಫ್ಲೋರಿಂಗ್ ಹಾಕಿದ ಮೇಲೆ ಕೊರೆಸೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳಿ.

ಬೆಡ್‌ರೂಮ್ ಅಂದರೆ ಬೆಂಕಿ ಬಿದ್ದಾಗ ತೂರಿ ಹೊರಗೆ ಹೋಗುವಂಥ ಕಿಟಕಿ ಬೇಕೇ ಬೇಕು. ಸಾಮಾನ್ಯವಾಗಿ ತೆರೆದ ಜಾಗ ಕನಿಷ್ಠ 5.7 ಚದರಡಿ ಇರಬೇಕು, ಕಿಟಕಿಯ ಕೆಳಅಂಚು ನೆಲದಿಂದ 44 ಇಂಚಿಗಿಂತ ಮೇಲಿರಬಾರದು. ಈಗಿರೋ ಗೇಣುದ್ದದ ಕಿಟಕಿ ಲೆಕ್ಕಕ್ಕಿಲ್ಲ, ಫೌಂಡೇಶನ್ ಗೋಡೆಯನ್ನೇ ಕತ್ತರಿಸಬೇಕಾಗುತ್ತದೆ. "ಪರ್ಮಿಟ್ ಯಾಕೆ ಸುಮ್ನೆ" ಅನ್ನೋ ಕಂಟ್ರಾಕ್ಟರ್‌ಗೆ ಕಾಫಿ ಕೊಟ್ಟು ಕಳಿಸಿ. ಮಲಗೋರು ನಿಮ್ಮ ಅಪ್ಪ ಅಮ್ಮ, ಅಲ್ವಾ?

ಬಾತ್‌ರೂಮಿಗೆ ನೆಲದಲ್ಲಿ ಮುಚ್ಚಳ ಹಾಕಿದ ಪೈಪುಗಳು ಎದ್ದಿವೆಯಾ ನೋಡಿ. ಇದ್ದರೆ ಬಿಲ್ಡರ್ ಅರ್ಧ ಕೆಲಸ ಮಾಡಿಟ್ಟಿದ್ದಾನೆ. ಇಲ್ಲದಿದ್ದರೆ ಕಾಂಕ್ರೀಟ್ ಒಡೆಯಬೇಕು, ಮನೆಯ ಡ್ರೈನ್ ಲೈನ್ ಬೇಸ್‌ಮೆಂಟ್ ನೆಲಕ್ಕಿಂತ ಎತ್ತರದಲ್ಲಿ ಹೋಗಿದ್ದರೆ ಗಲೀಜು ನೀರು ಎತ್ತೋಕೆ ಇನ್ನೊಂದು ಪಂಪು ಬೇಕು.

ಟೆಕ್ಸಾಸ್ ಸ್ನೇಹಿತರು ಹೇಳೋ ರೇಟ್ ಇಲ್ಲಿ ನಡೆಯಲ್ಲ. ಅಲ್ಲಿ ಹೆಚ್ಚಿನ ಮನೆಗಳಿಗೆ ಬೇಸ್‌ಮೆಂಟೇ ಇಲ್ಲ, ಶಿಕಾಗೋ ಸುತ್ತಮುತ್ತ ವೈರಿಂಗನ್ನು ಲೋಹದ ಪೈಪಿನೊಳಗೆ ಎಳೆಸಬೇಕು, ಕೂಲಿ ಅದಕ್ಕೇ ಏರುತ್ತದೆ. ಮೂರು ಕೊಟೇಶನ್ ತಗೊಳ್ಳಿ, ಅಕ್ಟೋಬರ್ ಹೊತ್ತಿಗೆ. ಅಲ್ಲೀವರೆಗೆ ಜೋರು ಮಳೆ ಬಂದಾಗಲೆಲ್ಲ ಟಾರ್ಚ್ ಹಿಡಿದು ಕೆಳಗಿಳಿದು ಪಂಪ್ ಎಷ್ಟು ನಿಮಿಷಕ್ಕೊಮ್ಮೆ ಓಡುತ್ತದೆ ಅಂತ ಬರೆದಿಡಿ.